ಪಾತಾಳಕ್ಕೆ ಇಳಿದರೂ ಫಾರಿನ್ನೇ ಚೆಂದ

ಬೆಂಗಳೂರಿನ ಪ್ರತಿ ಬಡಾವಣೆಯಲ್ಲೂ ಒಬ್ಬ ರಾಯರಿರುತ್ತಾರೆ. ಸರ್ಕಾರಿ ನೌಕರಿಯಿಂದ ನಿವೃತ್ತರು. ಮಗಳ ಬಾಣಂತನಕ್ಕೆಂದು ಹೆಂಡತಿಯ ಜೊತೆ ಲಂಡನ್ನಿಗೆ ಹೋಗಿ ವೀಸಾ ಮುಗಿಯುವವರೆಗೂ ಇದ್ದು ಬಂದವರು. ಬಾಣಂತನವನ್ನೆಲ್ಲ ಹೆಂಡತಿ ಮಾಡಿದರು, ಊರನ್ನೆಲ್ಲ ರಾಯರು ನೋಡಿದರು. ತಿರುಗಿ ಬಂದ ಮೇಲೆ ಪಾರ್ಕಿನ ಕಲ್ಲುಬೆಂಚಿನ ಮೇಲೆ ಬೆಳಿಗ್ಗೆ ಸಂಜೆ ಅವರ ಉಪನ್ಯಾಸ. ವಿಷಯ ಒಂದೇ, ಅಲ್ಲಿಯ ಅಂಡರ್‌ಗ್ರೌಂಡ್ ರೈಲು.

"ಏನು ಶಿಸ್ತು ಅಂತೀರಿ! ಎಸ್ಕಲೇಟರಿನಲ್ಲಿ ನಿಲ್ಲೋರೆಲ್ಲ ಬಲಗಡೆ, ಅವಸರದಲ್ಲಿರೋರು ಎಡಗಡೆ. ಯಾರೂ ಯಾರನ್ನೂ ತಳ್ಳೋದಿಲ್ಲ. ನಮ್ಮ ಜನ ಇನ್ನು ನೂರು ವರ್ಷ ಹೋದ್ರೂ ಕಲಿಯೋದಿಲ್ಲ ಬಿಡ್ರಿ."

ಈ ಹೊತ್ತಿನಲ್ಲಿ ರಾಯರನ್ನು ಕೇಳಬಾರದ ಪ್ರಶ್ನೆಯೊಂದಿದೆ. ಯಾರಾದರೂ ಅಧಿಕಪ್ರಸಂಗಿ ಕೇಳಿಯೇ ಬಿಡುತ್ತಾನೆ: "ಅಲ್ಲ ಸಾರ್, ನಮ್ಮ ಮೆಟ್ರೊ ಹತ್ತಿದ್ದೀರಾ?"

"ಅಯ್ಯೋ, ಸ್ಟೇಷನ್ ಬಹಳ ದೂರ ಕಣ್ರೀ."

ಬಹಳ ದೂರ ಎಂದರೆ ಮುಕ್ಕಾಲು ಕಿಲೋಮೀಟರು. ಲಂಡನ್ನಿನಲ್ಲಿ ಇದರ ಎರಡರಷ್ಟನ್ನು ಇದೇ ರಾಯರು ಮಂಕಿಟೋಪಿ ಹಾಕಿಕೊಂಡು, ಜಡಿಮಳೆಯಲ್ಲಿ, ಮಂಡಿನೋವು ಮರೆತು ನಡೆದಿದ್ದಾರೆ. ವಿಮಾನ ದೇವನಹಳ್ಳಿಯಲ್ಲಿ ಇಳಿಯುತ್ತಿದ್ದಂತೆ ಮಂಡಿನೋವು ಮರಳಿ ಬಂತು.

ರಾಯರ ಉಪನ್ಯಾಸದಲ್ಲಿ ಬಾರದ ಲಂಡನ್ನೂ ಒಂದಿದೆ. 1863ರ ಜನವರಿಯಲ್ಲಿ ಪ್ಯಾಡಿಂಗ್ಟನ್‌ನಿಂದ ಫ್ಯಾರಿಂಗ್‌ಡನ್‌ವರೆಗೆ ಜಗತ್ತಿನ ಮೊದಲ ಸುರಂಗ ರೈಲು ಓಡಿದಾಗ ಅದನ್ನು ಎಳೆದದ್ದು ಉಗಿಯಂತ್ರ. ನೆಲದಡಿ ಕಲ್ಲಿದ್ದಲ ಹೊಗೆ, ಬೋಗಿಯಲ್ಲಿ ಗ್ಯಾಸ್ ದೀಪ. ವಿದ್ಯುತ್ ರೈಲು ಆಳದ ಸುರಂಗಕ್ಕೆ ಇಳಿಯಲು 1890 ಬರಬೇಕಾಯಿತು. ಆ ಮೊದಲ ಬೋಗಿಗಳಿಗೆ ಇದ್ದದ್ದು ಗೇಣಗಲದ ಕಿಟಕಿ. ಸುರಂಗದಲ್ಲಿ ನೋಡುವುದಕ್ಕೇನಿದೆ ಎಂಬುದು ಕಂಪನಿಯ ತರ್ಕ. ಇಂಥ ತರ್ಕ ನಮ್ಮ ಯಾವುದಾದರೂ ನಿಗಮದ ಬಾಯಲ್ಲಿ ಬಂದಿದ್ದರೆ ಸಂಜೆಯ ಟೀವಿ ಚರ್ಚೆಗೆ ಅಷ್ಟೇ ಸಾಕಾಗುತ್ತಿತ್ತು. ಅಲ್ಲಿ ಅದು ಪರಂಪರೆ.

ಆ ಪರಂಪರೆಯ ಬಿಸಿ ಇನ್ನೂ ಆರಿಲ್ಲ. ನೂರು ವರ್ಷಕ್ಕೂ ಮೀರಿ ರೈಲುಗಳ ಮೋಟಾರು, ಬ್ರೇಕುಗಳು ಕಕ್ಕಿದ ಶಾಖವನ್ನೆಲ್ಲ ಲಂಡನ್ನಿನ ಜೇಡಿಮಣ್ಣು ಹೀರಿಕೊಂಡು ಕೂತಿದೆ. ಸುರಂಗ ಎಷ್ಟು ಇಕ್ಕಟ್ಟೆಂದರೆ ಆಳದ ಮಾರ್ಗಗಳಲ್ಲಿ ಬಹುಕಾಲ ಏಸಿ ಇಡಲು ಜಾಗ ಸಿಗಲಿಲ್ಲ, ಇಟ್ಟರೂ ಅದು ಹೊರಹಾಕುವ ಬಿಸಿ ಹೋಗಲು ದಾರಿಯಿರಲಿಲ್ಲ. ಬೇಸಿಗೆಯಲ್ಲಿ ಸೆಂಟ್ರಲ್ ಲೈನಿನ ಬೋಗಿಯೊಳಗೆ 30 ಡಿಗ್ರಿ ದಾಟುತ್ತದೆ. ಪಕ್ಕದವರ ಕಂಕುಳಲ್ಲಿ ಮೂಗಿಟ್ಟುಕೊಂಡು ಜನ ಪತ್ರಿಕೆ ಓದುತ್ತಾರೆ. ಇದಕ್ಕೊಂದು ಪರಿಹಾರವೆಂದು 2001ರಲ್ಲಿ ಪ್ಯಾರಿಸ್ ಮೆಟ್ರೊದಿಂದ 'ಮೆಡಲೀನ್' ಎಂಬ ಸುಗಂಧ ತರಿಸಿ ಮೂರು ನಿಲ್ದಾಣಗಳಲ್ಲಿ ಸಿಂಪಡಿಸಿದರು. ಬೆವರಿನ ವಾಸನೆಯನ್ನು ತಲೆಮಾರುಗಳಿಂದ ಸಹಿಸಿಕೊಂಡಿದ್ದ ಜನಕ್ಕೆ ಸುವಾಸನೆಯಿಂದ ಹೊಟ್ಟೆ ತೊಳಸಿತು. ಮರುದಿನವೇ ಸಿಂಪಡಣೆ ಬಂದ್. ನಮ್ಮ ಮೆಜೆಸ್ಟಿಕ್ ಮೆಟ್ರೊ ನಿಲ್ದಾಣದ ನೆಲಮಾಳಿಗೆಯಲ್ಲಿ ತಣ್ಣಗಿನ ಗಾಳಿ ಬೀಸುತ್ತದೆ ಎಂದು ರಾಯರಿಗೆ ಹೇಳಿ ನೋಡಿ. "ಅಷ್ಟು ಏಸಿ ಯಾಕ್ರೀ? ಕರೆಂಟು ದಂಡ" ಎನ್ನುತ್ತಾರೆ.

ಇನ್ನೊಂದು ಸಂಗತಿ ಅವರ ಗಮನಕ್ಕೇ ಬಂದಿಲ್ಲ. ಮಗಳ ಮನೆಯಿಂದ ಅವರು ಓಡಾಡಿದ ದಾರಿಯ ಬಹುಭಾಗ ಬಯಲಲ್ಲೇ ಇತ್ತು. ಲಂಡನ್ನಿನ ಸುಮಾರು 400 ಕಿಲೋಮೀಟರ್ ಜಾಲದಲ್ಲಿ ಅರ್ಧಕ್ಕಿಂತ ಹೆಚ್ಚು ನೆಲದ ಮೇಲಿದೆ. ನಮ್ಮದು ಇನ್ನೂ ಬಿಸಿಲುಪ್ರಿಯ. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ತೆರೆದಾಗ ಒಟ್ಟು 96 ಕಿಲೋಮೀಟರು ಆಯಿತಲ್ಲ, ಅದರಲ್ಲಿ ನೆಲದೊಳಗಿದ್ದದ್ದು 9 ಕಿಲೋಮೀಟರಿಗೂ ಕಡಿಮೆ. ಉಳಿದದ್ದೆಲ್ಲ ಕಂಬದ ಮೇಲೆ, ಎರಡನೇ ಮಹಡಿಯವರ ಅಡುಗೆಮನೆಗೆ ನೇರ. ಅಲ್ಲಿ ರೈಲಿನಲ್ಲಿ ಕೂತು ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಇಲ್ಲಿ ಅವರ ಒಲೆಯ ಮೇಲೆ ಸಾರೋ ಹುಳಿಯೋ ಎಂಬುದನ್ನೂ ನೋಡಿಕೊಂಡು ಹೋಗಬಹುದು.

ತಡ ಮಾಡುವುದರಲ್ಲಾದರೂ ನಮ್ಮನ್ನು ಮೀರಿಸಿದವರಿಲ್ಲ ಎಂಬ ಹೆಮ್ಮೆ ನಮಗಿತ್ತು. ಅದೂ ಸುಳ್ಳು. 2006ರ ಜೂನಿನಲ್ಲಿ ಪ್ರಧಾನಿ ಮನಮೋಹನ್ ಸಿಂಗ್ ನಮ್ಮ ಮೆಟ್ರೊಗೆ ಶಂಕುಸ್ಥಾಪನೆ ಮಾಡಿದರು, 2011ರ ಅಕ್ಟೋಬರಿನಲ್ಲಿ ಎಂ.ಜಿ. ರಸ್ತೆಯಿಂದ ಬೈಯಪ್ಪನಹಳ್ಳಿಗೆ ಮೊದಲ ರೈಲು ಹೊರಟಿತು, 2016ರಲ್ಲಿ ಸುರಂಗಕ್ಕೆ ಇಳಿಯಿತು, ಮೊದಲ ಹಂತದ 42 ಕಿಲೋಮೀಟರು ಮುಗಿಯುವಾಗ 2017. ಆ ಹೊತ್ತಿಗೆ ಅಗೆತ ಶುರುವಾದಾಗ ಹುಟ್ಟಿದ ಮಗು ಮಿಡ್ಲ್ ಸ್ಕೂಲಿನ ಹೊಸ್ತಿಲಲ್ಲಿತ್ತು. ಆದರೆ ನ್ಯೂಯಾರ್ಕಿನ ಸೆಕೆಂಡ್ ಅವೆನ್ಯೂ ಸುರಂಗದ ಮಾತು ಎದ್ದದ್ದು ಮೊದಲ ಮಹಾಯುದ್ಧದ ಬೆನ್ನಿಗೆ. ಅದರ ಮೊದಲ ಮೂರು ಹೊಸ ನಿಲ್ದಾಣ ತೆರೆದದ್ದು 2017ರ ಜನವರಿ 1ರಂದು. ಯೋಜನೆ ಕೇಳಿದ ಅಜ್ಜನ ಮರಿಮಗ ರೈಲು ಹತ್ತಿದ. ಲಂಡನ್ನಿನ ಎಲಿಜಬೆತ್ ಲೈನ್ 2018ರ ಡಿಸೆಂಬರಿನಲ್ಲಿ ಬರುತ್ತೇನೆಂದು ಹೇಳಿ 2022ರ ಮೇ ತಿಂಗಳಲ್ಲಿ ಬಂತು. ವ್ಯತ್ಯಾಸವಿರುವುದು ಕೇಳುವವರಲ್ಲಿ. ಅಲ್ಲಿ ತಡವಾದರೆ ರಾಯರ ಪ್ರಕಾರ "ಕ್ವಾಲಿಟಿ ಮುಖ್ಯ ಕಣ್ರೀ." ಇಲ್ಲಿ ತಡವಾದರೆ "ತಿಂದುಬಿಟ್ಟರು ಕಣ್ರೀ."

ಹಾಗೆಂದು ನಮ್ಮವರನ್ನು ಸುಮ್ಮನೆ ಬಿಡುವ ಹಾಗಿಲ್ಲ, ಸ್ವಂತ ಪ್ರತಿಭೆಯೂ ಧಾರಾಳವಾಗಿದೆ. ಹಳದಿ ಮಾರ್ಗವನ್ನೇ ನೋಡಿ. ಕಂಬ ಎದ್ದಿತ್ತು, ಹಳಿ ಹಾಸಿತ್ತು, ನಿಲ್ದಾಣಕ್ಕೆ ಬಣ್ಣ ಬಳಿದಾಗಿತ್ತು. ರೈಲೊಂದು ಇರಲಿಲ್ಲ. ಜಗತ್ತಿನ ಎಲ್ಲ ಕಡೆ ಪ್ರಯಾಣಿಕರು ರೈಲಿಗೆ ಕಾಯುತ್ತಾರೆ, ಇಲ್ಲಿ ಹಳಿಗಳೇ ಕಾದವು. ಕೊನೆಗೆ ಮೂರು ರೈಲು ಬಂದವು, 25 ನಿಮಿಷಕ್ಕೊಂದರಂತೆ ಓಡಿಸಿದರು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಕಾದು ಕಾದು ಪಳಗಿದ ಜನಕ್ಕೆ ಅದು ಹೊಸ ಅನುಭವ ಅನ್ನಿಸಲಿಲ್ಲ. ಮೇಲೆ ನಿಂತು ಕಾಯುವಾಗ ಕೆಳಗೆ ನಿಂತು ಕಾಯುವವರನ್ನು ನೋಡಬಹುದು, ಅಷ್ಟು ಅನುಕೂಲ.

ಸುರಂಗ ಕೊರೆದದ್ದೂ ನಮ್ಮದೇ ಶೈಲಿಯಲ್ಲಿ. ಲಂಡನ್ನಿನ ಜೇಡಿಮಣ್ಣು ಕೊರೆಯಲು ಹದವಾದದ್ದು. ಬೆಂಗಳೂರಿನ ಅಡಿಯಲ್ಲಿ ಒಂದು ಮಾರು ಮಣ್ಣು, ಮುಂದಿನ ಮಾರಿಗೆ ಹೆಬ್ಬಂಡೆ, ಅದರ ಮುಂದೆ ಯಾರದೋ ಹಳೇ ಬಾವಿ. ಯಂತ್ರಗಳು ನಡುದಾರಿಯಲ್ಲೇ ತಿಂಗಳುಗಟ್ಟಲೆ ಸಿಕ್ಕಿಕೊಂಡವು. ಮೊದಲ ಹಂತದ ಯಂತ್ರಗಳಿಗೆ ಹೆಲೆನ್, ಮಾರ್ಗರಿಟಾ, ಕಾವೇರಿ, ಕೃಷ್ಣಾ, ಗೋದಾವರಿ ಎಂಬ ಹೆಸರು. ಎರಡನೇ ಹಂತಕ್ಕೆ ಬಂದಾಗ ವಿದೇಶಿ ಅಮ್ಮಂದಿರನ್ನು ಬಿಟ್ಟು ತುಂಗಾ, ಭದ್ರಾ, ಊರ್ಜಾ, ವಿಂಧ್ಯಾ ಎಂದು ಕರೆದರು. ಧರ್ಮಾಂಬುಧಿ ಕೆರೆಯನ್ನು ಮುಚ್ಚಿ ಬಸ್ ಸ್ಟ್ಯಾಂಡ್ ಮಾಡಿದ ಊರಿದು. ಅದೇ ಮೆಜೆಸ್ಟಿಕ್ಕಿನ ಪಾತಾಳದಲ್ಲಿ ಈಗ ನದಿಗಳ ಹೆಸರಿನ ಉಕ್ಕಿನ ಯಂತ್ರಗಳು ಹರಿದುಹೋದವು. ನೀರು ಕಳೆದುಕೊಂಡ ಊರಿಗೆ ನದಿಯ ಹೆಸರಾದರೂ ಸಿಕ್ಕಿತಲ್ಲ ಎಂದು ನಾವು ಪೂಜೆ ಮಾಡಿ ಕಾಯಿ ಒಡೆದೆವು.

ವಿದೇಶದಿಂದ ತಂದ ಸಾಮಾನುಗಳಲ್ಲಿ ನಮಗೆ ಎಲ್ಲಕ್ಕಿಂತ ಚೆನ್ನಾಗಿ ಒಗ್ಗಿದ್ದು ದಂಡ. ಸಿಂಗಪುರದ ಮೆಟ್ರೊದಲ್ಲಿ ತಿಂದರೆ ಕುಡಿದರೆ 500 ಡಾಲರಿನವರೆಗೆ ದಂಡ. ಅಲ್ಲಿ ನೋಡಲು ಹಲಸಿನಂಥ ಡುರಿಯನ್ ಹಣ್ಣನ್ನೂ ಒಳಗೆ ಬಿಡುವುದಿಲ್ಲ. ರೈಲಿನ ಬಾಗಿಲಿನ ಸೆನ್ಸರಿಗೆ ಪುಂಡರು ಚೂಯಿಂಗ್ ಗಮ್ ಅಂಟಿಸಿ ಬಾಗಿಲೇ ಮುಚ್ಚದಂತೆ ಮಾಡಿದ್ದೂ ಆ ದೇಶ 1992ರಲ್ಲಿ ಗಮ್ ಮಾರಾಟವನ್ನೇ ನಿಷೇಧಿಸಲು ಒಂದು ಕಾರಣ. ನಮ್ಮಲ್ಲೂ ಅದೇ 500, ಡಾಲರು ಹೋಗಿ ರೂಪಾಯಿಯಾಯಿತು. 2023ರ ಅಕ್ಟೋಬರಿನಲ್ಲಿ ಒಬ್ಬ ಮಹಾನುಭಾವ ಬೋಗಿಯಲ್ಲಿ ಕೂತು ಗೋಬಿ ಮಂಚೂರಿ ತಿಂದ. ಗೆಳೆಯರು ವಿಡಿಯೊ ಮಾಡಿದರು, ಅದು ಊರೆಲ್ಲ ಸುತ್ತಿ ಬಂತು, 500 ರೂಪಾಯಿ ಕಟ್ಟಿಸಿಕೊಂಡರು. ನಗರದ ಇತಿಹಾಸದಲ್ಲೇ ದುಬಾರಿಯಾದ ಆ ಗೋಬಿಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅದೇ ಬೋಗಿಯಲ್ಲಿ ಇಯರ್‌ಫೋನಿಲ್ಲದೆ ರೀಲ್ಸ್ ಕೇಳಿಸುವವನಿಗೆ, ಸ್ಪೀಕರ್ ಹಾಕಿ ಆಸ್ತಿ ಜಗಳ ಬಗೆಹರಿಸುವವನಿಗೆ, ಮೂಗಿಗೆ ಬದಲು ಕಿವಿಗೆ ಹಿಂಸೆ ಕೊಟ್ಟ ಕಾರಣಕ್ಕೆ ರಿಯಾಯಿತಿಯೇ? ಟೋಕಿಯೊ ರೈಲಿನಲ್ಲಿ ಫೋನು ಸೈಲೆಂಟಿಗೆ ಹಾಕುವುದು ರೂಢಿ. ರಾಯರೂ ಲಂಡನ್ನಿನಲ್ಲಿ ಆರು ತಿಂಗಳು ಪಿಸುಮಾತಾಡಿದವರೇ. ಅಲ್ಲಿನ ಆಳದ ಸುರಂಗಗಳಲ್ಲಿ ಬಹುಕಾಲ ಸಿಗ್ನಲ್ಲೇ ಇರಲಿಲ್ಲ ಎಂಬುದನ್ನು ಅವರು ಸಂಸ್ಕೃತಿಯ ಖಾತೆಗೆ ಜಮಾ ಮಾಡಿಕೊಂಡಿದ್ದಾರೆ.

ಟೋಕಿಯೊ ಎಂದಾಗ ಇನ್ನೊಂದು. ಅಲ್ಲಿ ಜನಜಂಗುಳಿಯ ಹೊತ್ತಿನಲ್ಲಿ ಬಿಳಿ ಕೈಗವಸು ತೊಟ್ಟ ಸಿಬ್ಬಂದಿ ಪ್ರಯಾಣಿಕರನ್ನು ಬೆನ್ನು ಹಿಡಿದು ಒಳಗೆ ತಳ್ಳಿ ಬಾಗಿಲು ಮುಚ್ಚಿಸುವುದು ಪ್ರಸಿದ್ಧ. ನಮ್ಮ ಮೆಜೆಸ್ಟಿಕ್ಕಿನಲ್ಲಿ ಅದೇ ಕೆಲಸವನ್ನು ಹಿಂದಿನ ಪ್ರಯಾಣಿಕರು ಸಂಬಳವಿಲ್ಲದೆ, ಕೈಗವಸಿಲ್ಲದೆ ಮಾಡುತ್ತಾರೆ. ಅಲ್ಲಿಯದನ್ನು ಸೇವೆ ಎಂದು ಬಣ್ಣಿಸಿ ಇಲ್ಲಿಯದನ್ನು ಅನಾಗರಿಕತೆ ಎನ್ನುವವರ ಕಣ್ಣಿಗೆ ಕೈಗವಸು ಬಿಟ್ಟು ಬೇರೇನೂ ಕಂಡಿಲ್ಲ.

ಹೆಸರು ಮಾರುವ ವಿದ್ಯೆಯಲ್ಲಿ ಎರಡೂ ಊರು ಸರಿಸಮ. 2023ರ ಸೆಪ್ಟೆಂಬರಿನಲ್ಲಿ ಲಂಡನ್ನಿನವರು ಬಾಂಡ್ ಸ್ಟ್ರೀಟ್ ನಿಲ್ದಾಣದ ಫಲಕಗಳನ್ನು ಒಂದು ಬಟ್ಟೆ ಕಂಪನಿಗಾಗಿ 'ಬರ್ಬೆರಿ ಸ್ಟ್ರೀಟ್' ಎಂದು ಬದಲಿಸಿದರು. ಪ್ರವಾಸಿಗರು ಇಳಿಯಬೇಕೋ ಬೇಡವೋ ತಿಳಿಯದೆ ಪೇಚಾಡಿದರು. ಕೆಲವು ದಿನದ ಆಟ, ಮುಗಿಯಿತು. ನಾವು ಹಾಗೆ ಅರ್ಧಂಬರ್ಧ ಮಾಡುವವರಲ್ಲ. ಹಳದಿ ಮಾರ್ಗದಲ್ಲಿ ಕೋನಪ್ಪನ ಅಗ್ರಹಾರ, ಹೆಬ್ಬಗೋಡಿ, ಬೊಮ್ಮಸಂದ್ರಗಳ ಮೊದಲಿಗೆ ಒಂದೊಂದು ಕಂಪನಿಯ ಹೆಸರು ಮನೆತನದ ಹೆಸರಾಗಿ ದೀರ್ಘಕಾಲಕ್ಕೆ ಕೂತಿದೆ. ಕೋನಪ್ಪನವರು ಯಾರಾಗಿದ್ದರೋ, ಅವರ ಅಗ್ರಹಾರಕ್ಕೆ ಪ್ರಾಯೋಜಕರು ಸಿಕ್ಕರು. ಸಾಲ ಮಾಡಿ ರೈಲು ಓಡಿಸುವವರಿಗೆ ದುಡ್ಡು ಬೇಕು, ಒಪ್ಪೋಣ. ನಾಳೆ ಯಾವುದಾದರೂ ಹಪ್ಪಳದ ಕಂಪನಿ ಮೆಜೆಸ್ಟಿಕ್ಕಿಗೆ ಕಣ್ಣು ಹಾಕಿದರೆ ಆ ನಿಲ್ದಾಣದ ಹೆಸರಿನಲ್ಲಿರುವ ಕೆಂಪೇಗೌಡರು ಸ್ವಲ್ಪ ಸರಿದು ಜಾಗ ಕೊಡಬೇಕಾದೀತು.

ಫಲಕ ಎಂದ ಮೇಲೆ ಭಾಷೆಯೂ ಬಂತು. 2017ರಲ್ಲಿ ನಮ್ಮ ಮೆಟ್ರೊ ಫಲಕಗಳಲ್ಲಿ ಹಿಂದಿ ಏಕೆ ಎಂದು ಕನ್ನಡಿಗರು ಕೇಳಿದಾಗ "ಲಂಡನ್ನಿನಲ್ಲಿ ಹೀಗೆಲ್ಲ ಸಂಕುಚಿತವಾಗಿ ಯೋಚಿಸೋದಿಲ್ಲ" ಎಂದು ಉಪದೇಶಿಸಿದವರಿದ್ದರು. 2022ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ನಿಲ್ದಾಣದಲ್ಲಿ ಇಂಗ್ಲಿಷಿನ ಜೊತೆ ಬಂಗಾಳಿ ಫಲಕ ಬಂತು. ಅಲ್ಲಿ ತಲೆಮಾರುಗಳಿಂದ ನೆಲೆಸಿದ ಬಂಗಾಳಿಗಳಿಗೆ ಕೊಟ್ಟ ಗೌರವ ಅದು. 2025ರಲ್ಲಿ ಬ್ರಿಟನ್ನಿನ ಸಂಸದರೊಬ್ಬರು ಫಲಕ ಇಂಗ್ಲಿಷಿನಲ್ಲಿ ಮಾತ್ರ ಇರಲಿ ಎಂದು ತಗಾದೆ ತೆಗೆದರು. ಉಪದೇಶಕರು ಅವತ್ತಿನಿಂದ ಲಂಡನ್ನಿನ ಉದಾಹರಣೆ ಕೊಡುವುದನ್ನು ತುಸು ಕಡಿಮೆ ಮಾಡಿದ್ದಾರೆ.

2025ರ ಫೆಬ್ರುವರಿಯಲ್ಲಿ ನಮ್ಮ ಮೆಟ್ರೊ ದರ ಏರಿತು. ಗರಿಷ್ಠ ಟಿಕೆಟ್ 60 ರೂಪಾಯಿಯಿಂದ 90ಕ್ಕೆ ಹೋಯಿತು. ನಡುವಿನ ಕೆಲವು ದೂರಗಳಿಗೆ ದರ ದುಪ್ಪಟ್ಟೇ ಆಗಿ, ಜನ ಬೊಬ್ಬೆ ಹಾಕಿದ ಮೇಲೆ ಏರಿಕೆ ಶೇಕಡ 71ನ್ನು ಮೀರದಂತೆ ನೋಡಿಕೊಳ್ಳುತ್ತೇವೆ ಎಂಬ ಸಾಂತ್ವನ ಬಂತು. ಆಗ ರಾಯರು ಕಲ್ಲುಬೆಂಚಿನಿಂದ ಎದ್ದುನಿಂತು ಆಡಳಿತದ ಪರ ವಾದಿಸಿದರು: "ಲಂಡನ್ನಿನಲ್ಲಿ ನಾಲ್ಕು ಸ್ಟೇಷನ್ ಹೋಗೋಕೆ 3 ಪೌಂಡು ಕಣ್ರೀ, 300 ರೂಪಾಯಿ!" ಅಲ್ಲಿಯ ದರ ನೆನಪಿರುವ ರಾಯರಿಗೆ ಅಲ್ಲಿಯ ಕೂಲಿ ನೆನಪಿಲ್ಲ. ಅಲ್ಲಿ ಒಂದು ದಿನಕ್ಕೆ ಇಂತಿಷ್ಟು ಖರ್ಚಾದ ಮೇಲೆ ಎಷ್ಟು ಸಲ ಹತ್ತಿದರೂ ಕಾರ್ಡಿನಿಂದ ದುಡ್ಡು ಕಡಿತವಾಗುವುದಿಲ್ಲ ಎಂಬುದೂ, ಒಮ್ಮೆ ಬಸ್ಸಿಗೆ ಕೊಟ್ಟರೆ ಒಂದು ತಾಸು ಯಾವ ಬಸ್ಸನ್ನಾದರೂ ಬದಲಿಸಬಹುದೆಂಬುದೂ ನೆನಪಿಲ್ಲ. ಹೋಲಿಸುವಾಗ ಬೆಲೆಗೆ ಲಂಡನ್ನು, ಸೌಲಭ್ಯಕ್ಕೆ "ನಮ್ಮ ದೇಶದಲ್ಲಿ ಇಷ್ಟೇ ಸ್ವಾಮಿ". ಮದುವೆಮನೆಯಲ್ಲಿ ಮುಯ್ಯಿಯನ್ನು ಗೌಡರ ಲೆಕ್ಕದಲ್ಲಿ ಕೇಳಿ ಊಟಕ್ಕೆ ಕೊನೇ ಪಂಕ್ತಿಗೆ ಕಳಿಸಿದ ಹಾಗಾಯಿತು ಇದು.

ಇಷ್ಟೆಲ್ಲ ಬರಿಯ ತಮಾಷೆ ಎಂದು ನಕ್ಕು ಬಿಡಬಹುದಿತ್ತು, 2024ರ ಫೆಬ್ರುವರಿಯ ರಾಜಾಜಿನಗರ ನಿಲ್ದಾಣ ಇರದಿದ್ದರೆ. ತಲೆಯ ಮೇಲೆ ಗಂಟು ಹೊತ್ತು ಬಂದ ರೈತರೊಬ್ಬರ ಹತ್ತಿರ ಟಿಕೆಟ್ ಇತ್ತು. ಗಂಟಿನಲ್ಲಿ ಬಟ್ಟೆ ಬಿಟ್ಟು ಆಕ್ಷೇಪಾರ್ಹವಾದದ್ದೇನೂ ಇರಲಿಲ್ಲ. ಮೈಮೇಲಿನ ಬಟ್ಟೆ ಮಾಸಿದೆ ಎಂದು ಅವರನ್ನು ತಪಾಸಣೆಯ ಹತ್ತಿರ ತಡೆದು ನಿಲ್ಲಿಸಿದರು. ಜೊತೆಯ ಪ್ರಯಾಣಿಕರು ಜಗಳವಾಡಿ, ಅವರನ್ನು ಒಳಗೆ ಕರೆದೊಯ್ದರು. ವಿಡಿಯೊ ಹರಿದಾಡಿತು, ಭದ್ರತಾ ಮೇಲ್ವಿಚಾರಕನ ಕೆಲಸ ಹೋಯಿತು, ಕಡತ ಮುಚ್ಚಿತು. ಈಗ ಲಂಡನ್ನಿನತ್ತ ನೋಡಿ. ಅಲ್ಲಿ ಪ್ರತಿ ಜನವರಿಯಲ್ಲಿ ಒಂದು ದಿನ ನೂರಾರು ಜನ ಬರೀ ವಿನೋದಕ್ಕೆಂದು ಪ್ಯಾಂಟೇ ಇಲ್ಲದೆ, ಮೇಲೆ ಕೋಟು ಟೈ ಕಟ್ಟಿಕೊಂಡು, ಅಂಡರ್‌ಗ್ರೌಂಡಿನಲ್ಲಿ ಓಡಾಡುತ್ತಾರೆ. ಯಾರೂ ತಡೆಯುವುದಿಲ್ಲ. ಎದುರು ಕೂತವರು ಪುಸ್ತಕದಿಂದ ತಲೆಯೆತ್ತಿದರೆ ಹೆಚ್ಚು. ಪ್ಯಾಂಟಿಲ್ಲದವರಿಗೂ ದಾರಿ ಬಿಡುವ ಊರನ್ನು ನೋಡಿ ಬಂದು, ಪಂಚೆ ಮಾಸಿದವರಿಗೆ ದಾರಿ ಬಿಡದ ಊರು ಕಟ್ಟಿದೆವಲ್ಲ, ಇದಕ್ಕೆ ಯಾವ ತಂತ್ರಜ್ಞಾನ ಆಮದು ಮಾಡಿಕೊಂಡದ್ದು?

ಗುಟ್ಟು ಇರುವುದು ಇಲ್ಲೇ. ರಾಯರಿಗೆ ಲಂಡನ್ನಿನ ರೈಲು ಹಿಡಿಸಿದ್ದು ಅದು ವೇಗವಾಗಿದೆ ಎಂದಲ್ಲ. ಅಲ್ಲಿ ಬ್ಯಾಂಕಿನ ದೊಡ್ಡ ಸಾಹೇಬ, ನರ್ಸು, ಕಸ ಗುಡಿಸುವವನು, ಭಾರತದಿಂದ ಬಂದ ಮಾವ, ಎಲ್ಲರೂ ಒಂದೇ ಕಂಬಿ ಹಿಡಿದು ನಿಲ್ಲುತ್ತಾರೆ. ಯಾರೂ "ನೀವ್ಯಾಕೆ ಕಾರಿನಲ್ಲಿ ಬರಲಿಲ್ಲ?" ಎಂದು ಕೇಳುವುದಿಲ್ಲ. ಇಲ್ಲಿ ರಾಯರು ಮೆಟ್ರೊದಿಂದ ಇಳಿಯುವುದನ್ನು ಬಡಾವಣೆಯವರು ಕಂಡರೆ, "ಏನು ಸಾರ್, ಗಾಡಿ ಸರ್ವೀಸಿಗೆ ಕೊಟ್ಟಿದ್ದೀರಾ?" ಎಂಬ ಅನುಕಂಪ ಖಾತ್ರಿ. ಮೆಟ್ರೊ ಬೇಕೆಂದು ಮನವಿಗೆ ಸಹಿ ಹಾಕುವವರೆಲ್ಲ ಮನಸ್ಸಿನಲ್ಲಿ ಅಂದುಕೊಳ್ಳುವುದು ಒಂದೇ: ಬೇರೆಯವರೆಲ್ಲ ಅದರಲ್ಲಿ ಹೋದರೆ ರಸ್ತೆ ನನ್ನ ಕಾರಿಗೆ ಖಾಲಿಯಾದೀತು.

ಹಾಗಿದ್ದರೂ ರಾಯರ ಮಂಡಿನೋವು ಪೂರ್ತಿ ನಾಟಕ ಎಂದರೆ ಅನ್ಯಾಯ. ಲಂಡನ್ನಿನಲ್ಲಿ ಮನೆಯ ಗೇಟಿನಿಂದ ನಿಲ್ದಾಣದವರೆಗೆ ಫುಟ್‌ಪಾತು ಎಲ್ಲೂ ತುಂಡಾಗುವುದಿಲ್ಲ. ನಮ್ಮ ಮುಕ್ಕಾಲು ಕಿಲೋಮೀಟರಿನಲ್ಲಿ ಏನೇನಿದೆ ಎಂದು ಎಣಿಸಿದರೆ ಸಾಹಸ ಸಿನಿಮಾ ಆಗುತ್ತದೆ. ಫುಟ್‌ಪಾತಿನ ನಟ್ಟನಡುವೆ ಟ್ರಾನ್ಸ್‌ಫಾರ್ಮರ್, ಅದರ ಬುಡದಲ್ಲಿ ಕಸದ ರಾಶಿ, ಮುಂದೆ ಬಾಯ್ತೆರೆದ ಚರಂಡಿ ಚಪ್ಪಡಿ, ಆಮೇಲೆ ಸಾಲಾಗಿ ನಿಂತ ಸ್ಕೂಟರು, ಅಲ್ಲಿಂದ ರಸ್ತೆಗೆ ಇಳಿದರೆ ಎದುರಿಂದ ಒನ್‌ವೇಯಲ್ಲಿ ಉಲ್ಟಾ ಬರುವ ಡೆಲಿವರಿ ಹುಡುಗ. ಸಾವಿರಾರು ಕೋಟಿ ಸುರಿದು ಬಂಡೆ ಸೀಳಿ ಸುರಂಗ ತೋಡಿದವರಿಗೆ ಆರು ಇಂಚು ಎತ್ತರದ ಕಲ್ಲುಹಾಸು ಹಾಕಲು ಇಲಾಖೆ ಬೇರೆ, ಟೆಂಡರ್ ಬೇರೆ. ನಿಲ್ದಾಣದ ಹೊರಗೆ ಆಟೊದವರು ಮುಕ್ಕಾಲು ಕಿಲೋಮೀಟರಿಗೆ ನೂರು ಕೇಳುತ್ತಾರೆ. ಮೆಟ್ರೊದಲ್ಲಿ ಇಪ್ಪತ್ತು ಕಿಲೋಮೀಟರು ಬಂದದ್ದಕ್ಕಿಂತ ಮನೆ ತಲುಪಿದ್ದಕ್ಕೇ ಹೆಚ್ಚು. ಇಷ್ಟಾದ ಮೇಲೆ ರಾಯರು ಕಾರಿನ ಕೀ ಎತ್ತಿಕೊಂಡರೆ ಅವರನ್ನು ಬೈಯುವ ಬಾಯಿ ನನಗಿಲ್ಲ.

ಆದ್ದರಿಂದ ಆಳುವವರಲ್ಲಿ ಒಂದು ಸವಿನಯ ಬೇಡಿಕೆ. ಸುರಂಗ ನೋಡಲು ವಿದೇಶಗಳಿಗೆ ಅಧ್ಯಯನ ಪ್ರವಾಸ ಹೋಗುವುದನ್ನು ನಿಲ್ಲಿಸಬೇಡಿ, ಪಾಪ, ಅಭ್ಯಾಸ ತಪ್ಪಿದರೆ ಆರೋಗ್ಯ ಕೆಡುತ್ತದೆ. ಜೊತೆಗೆ ಒಂದು ಸ್ವದೇಶಿ ಪ್ರವಾಸವನ್ನೂ ಸೇರಿಸಿ. ಪೀಣ್ಯದಲ್ಲೋ ಕೆ.ಆರ್. ಮಾರುಕಟ್ಟೆಯಲ್ಲೋ ನಿಯೋಗದ ಸದಸ್ಯರನ್ನು ಕಾರಿನಿಂದ ಇಳಿಸಿ. ತೊಳೆಯದ ಅಂಗಿ ತೊಡಿಸಿ, ತಲೆಯ ಮೇಲೊಂದು ಗಂಟು ಹೊರಿಸಿ, ಒಂದು ಕಿಲೋಮೀಟರ್ ದೂರದಿಂದ ನಿಲ್ದಾಣಕ್ಕೆ ನಡೆಸಿ. ಫುಟ್‌ಪಾತಿನಲ್ಲಿ ಬೀಳದೆ, ಗೇಟಿನಲ್ಲಿ ತಡೆಸಿಕೊಳ್ಳದೆ, ಕಿಸೆಯ 90 ರೂಪಾಯಿಗೆ ಮರುಗದೆ ರೈಲು ಹತ್ತಿದವರು ಮಾತ್ರ ವರದಿ ಬರೆಯಲಿ. ಟಿಎ, ಡಿಎ ಧಾರಾಳವಾಗಿ ಕೊಡಿ. ಆಟೊ ಬಿಲ್ಲು ಮಾತ್ರ ಮೀಟರಿನ ಲೆಕ್ಕದಲ್ಲೇ ಇರಬೇಕು. ಅಂಥದೊಂದು ಬಿಲ್ಲು ತಂದು ತೋರಿಸಿದ ಸದಸ್ಯರಿಗೆ ಮುಂದಿನ ರಾಜ್ಯೋತ್ಸವ ಪ್ರಶಸ್ತಿಯನ್ನು ಅರ್ಜಿ ಇಲ್ಲದೆ ಕೊಟ್ಟುಬಿಡಿ.